ಕಮರಿಪೇಟೆಯ ಕ್ಯಾರಿಯರ್

ನಮ್ಮ ಅಕ್ಕನ ಮನೆಯಲ್ಲಿ ಕ್ಯಾರಿಯರ್ ಎಂದರೆ ಸೈಕಲ್ಲಿನ ಹಿಂದಿನ ಕಬ್ಬಿಣದ ಸೀಟು. ಬೇರೆ ಅರ್ಥವೇ ಇರಲಿಲ್ಲ. ಮಾವನದು, ಅಂದರೆ ಅಕ್ಕನ ಗಂಡನದು, ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಸೈಕಲ್ ರಿಪೇರಿಯ ಅಂಗಡಿ. ಮುಂದೆ ಅಂಗಡಿ, ಹಿಂದೆ ಎರಡು ಖೋಲಿಯ ಮನೆ. ಗೋಡೆಯ ಮೊಳೆಗಳಿಗೆ ಹಳೆಯ ಟೈರು, ಚೈನು, ಬಿಚ್ಚಿದ ಕ್ಯಾರಿಯರ್‌ಗಳು ನೇತಾಡುತ್ತಿದ್ದವು. ಅವರ ಒಬ್ಬನೇ ಮಗ ಬೆಳೆದದ್ದೇ ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಎನ್ನಬೇಕು. ಎಲ್ಲ ಮಕ್ಕಳೂ ಮುಂದೆ ಮುಖ ಮಾಡಿ ಕೂತರೆ ಇವನು ಹಿಂದೆ ಮುಖ ಮಾಡಿ ಕೂರುತ್ತಿದ್ದ. ಯಾಕೋ ಎಂದು ಕೇಳಿದರೆ, "ಮುಂದಿಂದು ಅಪ್ಪ ನೋಡ್ತಾನ, ಹಿಂದಿಂದು ನಾ ನೋಡ್ತೇನಿ" ಎನ್ನುತ್ತಿದ್ದ. ನಾನು ಅವನ ಚಿಗವ್ವ, ತಾಯಿಯ ತಂಗಿ. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದವಳು, ಮನೆಯವರ ಬಾಯಲ್ಲಿ ಶಾಣ್ಯಾಕಿ, ಜಾಣೆ, ಅನ್ನಿಸಿಕೊಂಡವಳು. ಅವನ ಮುಂದೆ ಮಾತ್ರ ನನ್ನ ಶಾಣ್ಯಾತನ ನಡೆಯುತ್ತಿರಲಿಲ್ಲ.

ಅವನು ಈಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಡೆಯವರೆಗೆ ಬಚ್ಚಿಟ್ಟು ಓದುವವರನ್ನು ಕಾಯಿಸುವ ಕಸರತ್ತು ನನಗೆ ಒಗ್ಗುವುದಿಲ್ಲ.

ಅವನ ಮೀನಖಂಡಗಳು ದಪ್ಪಗಿದ್ದವು. ಅದನ್ನು ಕಂಡು ಹಿಗ್ಗಿದವನು ಮಾವ. ಹರೆಯದಲ್ಲಿ ಗರಡಿಮನೆಯ ಮಣ್ಣು ಮೈಗೆ ಹಚ್ಚಿಕೊಂಡು ಬಂದ ಮನುಷ್ಯ ಅವನು. ಮಗನ ಚಡ್ಡಿಯ ಕೆಳಗೆ ಉಬ್ಬಿದ ಆ ಮೀನಖಂಡಗಳನ್ನು ಪಂಕ್ಚರ್ ತಿದ್ದಿಸಲು ಬಂದವರಿಗೆಲ್ಲ ತೋರಿಸುತ್ತಿದ್ದ. "ನೋಡ್ರಿ, ಹೆಂಗ ಅದಾವು! ನಮ್ಮಾಂವ ಪೈಲ್ವಾನ ಆಗಾಂವ." ಬಂದವರು ಒತ್ತಿ ನೋಡಿ ತಲೆದೂಗುತ್ತಿದ್ದರು. ನಾನೂ ಒತ್ತಿ ನೋಡಿದ್ದೇನೆ. ರಬ್ಬರಿನಷ್ಟು ಗಟ್ಟಿ. ಆದರೆ ಆ ಪೈಲ್ವಾನನಿಗೆ ನೆಲದಿಂದ ಸರಳವಾಗಿ ಏಳಲು ಬರುತ್ತಿರಲಿಲ್ಲ. ಮೊದಲು ಎರಡೂ ಕೈ ಊರಿ ಅಂಡು ಮೇಲೆತ್ತುತ್ತಿದ್ದ. ಆಮೇಲೆ ಮೊಣಕಾಲು ಹಿಡಿಯುತ್ತಿದ್ದ, ಆಮೇಲೆ ತೊಡೆ. ತನ್ನ ಮೈಯನ್ನು ತಾನೇ ಹತ್ತಿ ನಿಲ್ಲುತ್ತಿದ್ದ. ನಾವು ಅದನ್ನೊಂದು ಆಟ ಎಂದುಕೊಂಡು ನಕ್ಕೆವು. ಶಾಲೆಯ ಮೆಟ್ಟಿಲು ಹತ್ತಲಾಗದೆ ಅತ್ತುಕೊಂಡು ಬಂದ ದಿನ ಅವನನ್ನು ದವಾಖಾನೆಗೆ ಕರೆದುಕೊಂಡು ಹೋದರು.

ರಕ್ತ ನೋಡಿದರು, ತೊಡೆಯ ಮಾಂಸದ ಚೂರೊಂದನ್ನು ತೆಗೆದು ಹೊರಗೆ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಕೇಳಲು ಗಂಡಹೆಂಡತಿ ಇಬ್ಬರೇ ಹೋಗಿದ್ದರು. ಸಂಜೆ ಅಕ್ಕ ಕಮರಿಪೇಟೆಯ ಎಸ್‌ಟಿಡಿ ಬೂತಿನಿಂದ ನನ್ನ ವಿಭಾಗಕ್ಕೆ ಫೋನ್ ಮಾಡಿದಳು.

"ಸ್ನಾಯು ಕರಗೂ ಬ್ಯಾನಿ ಅಂತ. ಮೀನಖಂಡ ದಪ್ಪ ಇರೂದು ಶಕ್ತಿ ಅಲ್ಲಂತ, ಮಾಂಸ ಹೋಗಿ ಕೊಬ್ಬು ತುಂಬೇತಂತ. ಮುಂದ ಮುಂದ ನಡಿಯೂದು ನಿಲ್ತೈತಂತ. ಆಮ್ಯಾಲೆ ಉಸರಾಡೂದೂ ಕಷ್ಟ ಆಗ್ತೈತಂತ. ಔಷಧ ಇಲ್ಲಂತ."

ಒಂದೊಂದು ಮಾತಿಗೂ 'ಅಂತ' ಸೇರಿಸುತ್ತಿದ್ದಳು. ಅದನ್ನು ಡಾಕ್ಟರ ಮಾತಾಗಿಯೇ ಇಡಬೇಕು, ತನ್ನದಾಗಲು ಬಿಡಬಾರದು ಎಂಬಂತೆ.

"ನನಗ, ನೀವು ಕ್ಯಾರಿಯರ್ ಅದೀರಿ ಅಂದ್ರು" ಎಂದಳು.

"ನೀ ಏನಂದಿ?"

"ಹೂನ್ರಿ ಅಂದೆ. ನಡಿಯಾಕ ಬರದ ಹುಡುಗನ್ನ ತಾಯಿನ ಹೊರಬೇಕಲ್ಲ? ಹೊರ್ತೇನ್ರಿ ಅಂದೆ."

ಕ್ಯಾರಿಯರ್ ಎಂದು ಡಾಕ್ಟರರು ಹೇಳಿದ್ದು ಬೇರೆ. ಈ ಬೇನೆಯ ತಪ್ಪು ಜೀನ್ ಹೆಂಗಸರ ಮೈಯಲ್ಲಿ ಸುಮ್ಮನೆ ಇರುತ್ತದೆ, ಸಾಮಾನ್ಯವಾಗಿ ಅವರಿಗೆ ಏನೂ ಮಾಡುವುದಿಲ್ಲ. ಗಂಡುಮಗುವಿಗೆ ದಾಟಿದರೆ ಅವನ ಸ್ನಾಯುಗಳನ್ನು ತಿನ್ನುತ್ತದೆ. ಹಾಗೆ ಅದನ್ನು ಹೊತ್ತ ಹೆಣ್ಣಿಗೆ ವೈದ್ಯರು ಇಡುವ ಹೆಸರು ಅದು. ನಮ್ಮ ಅವ್ವನ ತಮ್ಮನೊಬ್ಬ ಕಾಲಿನ ಶಕ್ತಿ ಹೋಗಿ, ಮೀಸೆ ಮೂಡುವ ಮೊದಲೇ ತೀರಿಕೊಂಡಿದ್ದ. ದೇವರ ಕಾಟ ಎಂದು ಮನೆಯಲ್ಲಿ ಆ ಮಾತನ್ನೇ ಎತ್ತುತ್ತಿರಲಿಲ್ಲ. ಎಲ್ಲವೂ ಒಂದಕ್ಕೊಂದು ಕೂಡಿಕೊಂಡವು. ಬಾಗಿಲ ಹೊರಗೆ ಮುಂದಿನ ಪೇಶಂಟ್ ಕಾಯುತ್ತಿದ್ದಾನೆಂದು ಒಬ್ಬ ತಾಯಿಗೆ ಇಂಥ ಮಾತನ್ನು ಒಂದು ಇಂಗ್ಲಿಷ್ ಶಬ್ದದಲ್ಲಿ ಮುಗಿಸಿ ಕಳಿಸಿದ ಆ ಡಾಕ್ಟರಿಗೆ ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದೆ. ಅಕ್ಕ ತಿಳಿದುಕೊಂಡದ್ದನ್ನು ಮಾತ್ರ ತಿದ್ದಲಿಲ್ಲ. ಹೊರುತ್ತೇನೆ ಎನ್ನುವ ಹೆಂಗಸಿಗೆ, ನೀನೇ ಕೊಟ್ಟೆ ಎಂದು ಫೋನಿನಲ್ಲಿ ಹೇಳುವುದು ಹೇಗೆ?

ನನ್ನ ಕೆಲಸದ ಬಗ್ಗೆ ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ತಪ್ಪಿದ ಜೀನ್‌ನ ಬದಲಿಗೆ ಸರಿಯಾದುದನ್ನು ಜೀವಕೋಶದೊಳಗೆ ಕಳಿಸಿದರೆ ಬೇನೆ ವಾಸಿಯಾದೀತು ಎಂದು ಜಗತ್ತಿನ ತುಂಬ ಮಾತು. ಕಳಿಸುವುದು ಯಾರ ಕೈಯಲ್ಲಿ? ಹೆಚ್ಚಿನವರು ವೈರಸ್ ಹಿಡಿದರು. ಜೀವಕೋಶದೊಳಗೆ ನುಗ್ಗುವುದು ಅದಕ್ಕೆ ಹುಟ್ಟುಗುಣ. ಆದರೆ ಮೈ ಅದನ್ನು ಕಳ್ಳನೆಂದು ಗುರುತಿಸಿ ಬಡಿಯುತ್ತದೆ, ಒಮ್ಮೊಮ್ಮೆ ಮನೆಯನ್ನೂ ಸುಡುತ್ತದೆ. ಅದೂ ಅಲ್ಲದೆ ನಮ್ಮ ಹುಡುಗನಿಗೆ ಬೇಕಾದ ಜೀನ್ ತೀರ ಉದ್ದ, ಅಷ್ಟು ತಂಟೆ ಮಾಡದ ವೈರಸ್ಸುಗಳ ಹೊಟ್ಟೆಯಲ್ಲಿ ಅದು ಹಿಡಿಸುವುದಿಲ್ಲ. ವೈರಸ್ ಬೇಡ, ನಮಗೆ ಬೇಕಾದ ಹಾಗೆ ಒಂದು ಪ್ರೋಟೀನನ್ನೇ ಹೊಸದಾಗಿ ಕಟ್ಟೋಣ ಎಂದು ಹೊರಟ ಕೆಲವರಲ್ಲಿ ನನ್ನ ಗೈಡ್ ಒಬ್ಬರು. ಬ್ಯಾಕ್ಟೀರಿಯಾಗಳಿಂದ ಅದನ್ನು ಮಾಡಿಸುತ್ತಿದ್ದೆವು. ಅದರ ಒಂದು ತುದಿ ಡಿಎನ್‌ಎಯನ್ನು ಗಂಟು ಕಟ್ಟಬೇಕು, ಇನ್ನೊಂದು ತುದಿ ಸ್ನಾಯುವಿನ ಕೋಶದ ಬಾಗಿಲು ಬಡಿಯಬೇಕು. ಒಳಗೆ ಹೋದಮೇಲೆ ಕೋಶ ಅದನ್ನು ಒಂದು ಚೀಲದಲ್ಲಿ ಹಾಕಿ ಅರಗಿಸಲು ನೋಡುತ್ತದೆ. ನಡುವಿನ ತುಂಡು ಆ ಚೀಲ ಹರಿದು ಗಂಟನ್ನು ಹೊರಗೆ ತರಬೇಕು. ಕಾಗದದ ಮೇಲೆ ಬಲು ಚಂದ.

ಫೋನ್ ಬಂದ ಮರುದಿನವೇ ಗೈಡ್ ಹತ್ತಿರ ಹೋಗಿ, ಇನ್ನು ಮುಂದೆ ಸ್ನಾಯುವಿನ ಕೋಶ ಬಿಟ್ಟು ಬೇರೆ ಯಾವುದರ ಮೇಲೂ ನಾನು ಕೆಲಸ ಮಾಡುವುದಿಲ್ಲ ಎಂದೆ. ಅವರು ಕನ್ನಡಕ ತೆಗೆದು ನೋಡಿದರು. "ಯಾಕವಾ?" ಎಂದರು. ಹೇಳಿದೆ. ಕನ್ನಡಕ ಮತ್ತೆ ಹಾಕಿಕೊಂಡು, "ಮಾಡು. ಆದ್ರ ಮನ್ಯಾಗ ಏನೂ ಮಾತು ಕೊಡಬ್ಯಾಡ" ಎಂದರು.

ಮಾತು ಕೊಡಲಿಲ್ಲ. ಆದರೆ ಅಕ್ಕ ಕೇಳಿದಳು. ಒಂದು ರವಿವಾರ ಅಂಗಡಿಯ ಹಿಂದೆ ಕೂತು ಶೇಂಗಾ ಸುಲಿಯುತ್ತಿದ್ದೆವು. ಹುಡುಗ ಗೋಡೆಗೆ ಒರಗಿಸಿದ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತಿದ್ದ, ಮಾವ ಎತ್ತಿ ಕೂರಿಸಿ ಹೋಗಿದ್ದ. "ನೀ ಅಲ್ಲಿ ಖರೇನ ಏನ್ ಮಾಡಾಕತ್ತಿ?" ಎಂದಳು. ಆ ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲೇ ಹೇಳಬೇಕಲ್ಲ? "ಇವನ ಮೈಯಾಗ ಒಂದು ಜೀನ್ ಕೆಟ್ಟೈತಿ. ಛಲೋ ಜೀನ್ ಒಳಗ ಒಯ್ಯಬೇಕು. ತಾನಾಗಿ ಅದು ಹೋಗೂದಿಲ್ಲ. ಅದನ್ನ ಹೇರಿಕೊಂಡು ಒಯ್ಯಾಕ ಒಂದು ಕ್ಯಾರಿಯರ್ ಬೇಕು. ಅದನ್ನ ಮಾಡಾಕತ್ತೇನಿ" ಎಂದೆ.

ಅಕ್ಕನ ಕೈ ನಿಂತಿತು. "ಕ್ಯಾರಿಯರ್?"

"ಹೂಂ. ಆದ್ರ ಇನ್ನೂ ಛಲೋ ಆಗವಲ್ದು. ಒಡದ ಹೋಗ್ತೈತಿ."

ಅವಳು ಸುಲಿದ ಶೇಂಗಾದಲ್ಲಿ ಒಂದು ಮುಷ್ಟಿ ತೆಗೆದು, ತಾನೇ ಬಾಯಿಗೆ ಹಾಕಿಕೊಂಡಳು. ಅದು ನನಗೆ ವಿಚಿತ್ರವೆನಿಸಿತು. ಮಗನಿಗೆ ಬೇನೆ ಎಂದು ತಿಳಿದಾಗಿನಿಂದ ಅವಳು ಹೊಟ್ಟೆಗೆ ಸರಿಯಾಗಿ ತಿನ್ನುತ್ತಿರಲಿಲ್ಲ, ಸೋಮವಾರ ನೀರನ್ನೂ ಮುಟ್ಟುತ್ತಿರಲಿಲ್ಲ.

ಒಡೆದು ಹೋಗುತ್ತದೆ ಎಂದದ್ದು ಸುಳ್ಳಲ್ಲ. ಪ್ರೋಟೀನನ್ನು ಡಿಎನ್‌ಎ ಜೊತೆ ಬೆರೆಸಿದ ಕೂಡಲೇ ತಿಳಿಯಾದ ದ್ರವ ಬೆಳ್ಳಗಾಗಿ, ಹಾಲು ಒಡೆದ ಹಾಗೆ ತಳದಲ್ಲಿ ಕೂರುತ್ತಿತ್ತು. ಉಪ್ಪು ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ. ತುಂಡುಗಳ ಕ್ರಮ ಬದಲಿಸಿದೆ. ಒಡೆಯದೆ ಉಳಿದದ್ದು ಕೋಶದ ಬಾಗಿಲು ಬಡಿಯಲಿಲ್ಲ. ಬಾಗಿಲು ಬಡಿದದ್ದು ಕೋಶವನ್ನೇ ಕೊಂದಿತು. ಬೇಸಿಗೆಯಲ್ಲಿ ಕರೆಂಟ್ ಹೋಗಿ, ವಾರಗಟ್ಟಲೆ ಸಾಕಿದ ಕೋಶಗಳು ತಟ್ಟೆಯಲ್ಲೇ ಸತ್ತವು. ಮತ್ತೆ ಮೊದಲಿನಿಂದ ಶುರು. ಉಳಿದವರಿಗೆ ಅದು ಪಿಎಚ್‌ಡಿ, ಈ ವರ್ಷ ಆಗದಿದ್ದರೆ ಬರುವ ವರ್ಷ. ನನಗೆ ಹಾಗಿರಲಿಲ್ಲ. ಪ್ರತಿ ಸಲ ಕಮರಿಪೇಟೆಗೆ ಹೋದಾಗ ಹುಡುಗನ ಹಿಮ್ಮಡಿ ನೆಲದಿಂದ ಇನ್ನಷ್ಟು ಮೇಲೆದ್ದಿರುತ್ತಿತ್ತು. ತುದಿಗಾಲಲ್ಲಿ, ಹೊಟ್ಟೆ ಮುಂದೆ ಮಾಡಿ, ಗೋಡೆ ಹಿಡಿದು ಬರುತ್ತಿದ್ದ. ಬಂದವನು ಅದನ್ನೇ ಕೇಳುತ್ತಿದ್ದ. "ಚಿಗವ್ವಾ, ಆತೇನು ಕ್ಯಾರಿಯರ್?"

"ಆಗಾಕತ್ತೈತಿ."

"ಲಗೂ ಮಾಡು."

ಬೇಗ ಮಾಡು ಎಂದು ಗದರಿಸಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನನ್ನನ್ನು ಸಮಾಧಾನ ಮಾಡುವ ಹಾಗೆ ಹೇಳುತ್ತಿದ್ದ. ವಾಪಸು ಧಾರವಾಡದ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅಳುತ್ತಿದ್ದೆ, ಪಕ್ಕದವರು ನೋಡಿದರೆ ಧೂಳು ಎನ್ನುತ್ತಿದ್ದೆ.

ಈ ನಡುವೆ ಅಕ್ಕ ಮೈಕೈ ತುಂಬಿಕೊಳ್ಳುತ್ತಿದ್ದಳು. ಸೋಮವಾರದ ಉಪವಾಸ ಬಿಟ್ಟಳು. ಬೆಳಿಗ್ಗೆ ಹಾಲು, ಸಂಜೆ ಖರ್ಜೂರ. ಕೆನ್ನೆಗೆ ಬಣ್ಣ ಬಂದಿತ್ತು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಇಲ್ಲಿ ನಾನು ಊಟ ನಿದ್ದೆ ಬಿಟ್ಟು ಸಾಯುತ್ತಿದ್ದೇನೆ, ಹೆತ್ತವಳು ಖರ್ಜೂರ ತಿನ್ನುತ್ತ ಕೂತಿದ್ದಾಳೆ! ಒಮ್ಮೆ ಅಂದೇಬಿಟ್ಟೆ: "ಏನಕ್ಕಾ, ಭಾರಿ ಆರೋಗ್ಯದ ಕಾಳಜಿ ತಗೊಂಡೀಯಲ್ಲ!" ಅವಳು ಬೇಸರ ಮಾಡಿಕೊಳ್ಳಲಿಲ್ಲ. "ತಗೋಬೇಕಾಗ್ತೈತಿ ಈಗ" ಎಂದು ನಕ್ಕಳು. ಆ ನಗು ಯಾಕೆಂದು ತಿಳಿದದ್ದು ಅವಳು ಧಾರವಾಡಕ್ಕೆ ಬಂದ ದಿನ.

ಮುಂಜಾನೆ ಪ್ರಯೋಗಾಲಯದಲ್ಲಿ ನಾನಿನ್ನೂ ಬಾಟಲಿ ತೊಳೆಯುತ್ತಿದ್ದೆ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕಂಕುಳಲ್ಲಿ ಹುಡುಗ, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ. ತಲೆಗೆ ನೀರು ಹಾಕಿಕೊಂಡಿದ್ದಳು, ಕೂದಲ ತುದಿ ಇನ್ನೂ ಒದ್ದೆ ಇತ್ತು. ಬಸ್‌ಸ್ಟ್ಯಾಂಡಿನಿಂದ ಅವನನ್ನು ಹೊತ್ತುಕೊಂಡೇ ಬಂದಿದ್ದಾಳೆ ಎಂದು ಅವಳ ಉಸಿರಿನಲ್ಲಿ ತಿಳಿಯುತ್ತಿತ್ತು. ಹುಡುಗನನ್ನು ಸ್ಟೂಲಿನ ಮೇಲೆ ಕೂರಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಬರೇ ಚಹಾ ಅಷ್ಟ ಕುಡದು ಬಂದೇನಿ" ಎಂದಳು. "ಚಹಾನೂ ಕುಡೀಬಾರದಿತ್ತೇನು?"

"ಯಾವುದಕ್ಕ?"

"ಈಗ ನೋಡು, ಸಿಟ್ಟಾಗಬ್ಯಾಡ. ನೀ ಮಾಡೂ ಕ್ಯಾರಿಯರ್ ಒಡದ ಹೋಗ್ತಾವ ಅಂದಿಯಲ್ಲ. ವರ್ಷ ಆತು, ಹುಡುಗ ಈಗ ಸಾಲಿಗೂ ಹೋಗವಲ್ಲ. ಇನ್ನ ಎಷ್ಟ ದಿನಾ ನೋಡೂದು? ನಾ ಇದ್ದೇನಲ್ಲ. ಡಾಕ್ಟರ್ ಆವತ್ತ ಹೇಳ್ಯಾರ, ನೀವು ಕ್ಯಾರಿಯರ್ ಅದೀರಿ ಅಂತ. ನನಗ ಆಗ ತಿಳೀಲಿಲ್ಲ, ನೀ ಹೇಳಿದ ಮ್ಯಾಲೆ ತಿಳೀತು. ಛಲೋ ಜೀನ್ ನನ್ನ ಮೈಯಾಗ ಹಾಕಿ, ನನ್ನಿಂದ ಇವಗ ಕೊಡು. ರಕ್ತ ತಗೋ, ಏನ್ ಬೇಕಾದ್ರೂ ತಗೋ. ಅದಕ್ಕ ಅಂತನ ಮೈ ಗಟ್ಟಿ ಮಾಡ್ಕೊಂಡೇನಿ."

ಖರ್ಜೂರ, ಹಾಲು, ಶೇಂಗಾ ಎಲ್ಲ ಕಣ್ಣ ಮುಂದೆ ಬಂದವು. ನಾನು ಮೊದಲು ಮಾಡಿದ್ದು ರೇಗಿದ್ದು. "ಏನ್ ಹುಚ್ಚ ಹಿಡದೈತೇನು ನಿನಗ? ಯಾರರ ಹಿಂಗ ಹೇಳಿದ್ರೇನು?" ಎಂದು ಚೀರಿದೆ. ಪಕ್ಕದ ಖೋಲಿಯಿಂದ ಗೈಡ್ ಬಂದು ನೋಡಿ, ಬಾಗಿಲು ಎಳೆದುಕೊಂಡು ಹೋದರು. ಅಕ್ಕ ಅಳುಕಲಿಲ್ಲ. ರವಿಕೆಯ ತೋಳು ಮೇಲೆ ಸರಿಸಿ ಕೈ ಮುಂದೆ ಚಾಚಿಕೊಂಡೇ ನಿಂತಿದ್ದಳು. ಆ ಕೈ ಹಾಗೆ ಚಾಚಿರುವವರೆಗೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ನಾನು ಆ ಕೈ ಹಿಡಿದು ಕೆಳಗಿಳಿಸಿ ಹೇಳಿದೆ.

"ಅಕ್ಕಾ, ಅದು ಬ್ಯಾರೆ ಕ್ಯಾರಿಯರ್. ಛಲೋ ಜೀನ್ ಒಯ್ಯೂದಲ್ಲ. ಕೆಟ್ಟದ್ದು ನಿನ್ನ ಮೈಯಾಗ ಮದಲ ಇತ್ತು. ನಿನಗ ಏನೂ ಮಾಡಲಿಲ್ಲ. ಇವಗ ಬಂತು."

ಅವಳು ಹುಡುಗನನ್ನು ನೋಡಿದಳು, ನನ್ನನ್ನು ನೋಡಿದಳು.

"ಅಂದ್ರ, ನಾ ಒಯ್ದು ಕೊಟ್ಟೆನೇನು?"

"ಬೇಕಂತ ಅಲ್ಲಕ್ಕಾ. ಅವ್ವನಿಂದ ನಿನಗ ಬಂದೈತಿ. ಅವ್ವನ ತಮ್ಮ ಇದ್ನಲ್ಲ..."

"ಬೇಕಂತ ಯಾರು ಕೊಡ್ತಾರ." ನನ್ನ ಕಡೆ ತಿರುಗಿ ಕೇಳಿದಳು, "ನಿನಗ?"

"ಗೊತ್ತಿಲ್ಲ. ನಾ ನೋಡಿಸಿಲ್ಲ."

"ನೋಡಿಸಬ್ಯಾಡ" ಎಂದಳು. ಮತ್ತೆ, "ಇಲ್ಲ, ನೋಡ್ಸು. ಲಗ್ನ ಆಗೂಕಿಂತ ಮದಲ ನೋಡ್ಸು" ಎಂದು ಸೆರಗು ಬಾಯಿಗೆ ತುರುಕಿಕೊಂಡಳು.

ಹುಡುಗ ಇದನ್ನೆಲ್ಲ ಕೇಳುತ್ತ ಕೂತಿದ್ದ. ಸ್ಟೂಲನ್ನು ಆ ಕಡೆ ಈ ಕಡೆ ತಿರುಗಿಸುವುದನ್ನು ನಿಲ್ಲಿಸಿ, "ಚಿಗವ್ವಾ, ನಿನ್ನ ಕ್ಯಾರಿಯರ್ ತೋರ್ಸು" ಎಂದ. ಹಿಂದಿನ ದಿನದ ಟ್ಯೂಬ್ ಅವನ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ತಳದಲ್ಲಿ ಬಿಳಿಯ ಗಸಿ ಕೂತಿತ್ತು. "ಇಷ್ಟ ಸಣ್ಣದರ ಮ್ಯಾಲೆ ಯಾರು ಕೂಡ್ತಾರ?" ಎಂದು ಟ್ಯೂಬ್ ಮರಳಿ ಕೊಟ್ಟ. ಹೋಗುವಾಗ ಅಕ್ಕ ಅವನನ್ನು ಎತ್ತಿಕೊಳ್ಳಲಿಲ್ಲ. ನಾನೇ ಬಸ್‌ಸ್ಟ್ಯಾಂಡಿನವರೆಗೆ ಹೊತ್ತುಕೊಂಡು ಹೋಗಿ ಸೀಟಿನಲ್ಲಿ ಕೂರಿಸಿದೆ.

ಕೆಲವು ದಿನ ಬಿಟ್ಟು ಮಾವನ ಫೋನ್ ಬಂತು. "ತಂಗಿ, ನಿಮ್ಮಕ್ಕಗ ಏನ್ ಹೇಳಿ ಕಳಿಸೀಯವಾ? ಹುಡುಗನ್ನ ಮುಟ್ಟವಲ್ಲಳು. ಉಣ್ಣಾಕ ತಾಟು ನೆಲದ ಮ್ಯಾಲೆ ಇಟ್ಟು ದೂರ ಸರೀತಾಳ. ಜಳಕಾ ನಾನ ಮಾಡಸಾಕತ್ತೇನಿ. ಕೇಳಿದ್ರ, ನನ್ನ ಕೈಲಿಂದ ಹೋಗೂದೆಲ್ಲಾ ಕೆಟ್ಟದ್ದ ಅಂತಾಳ." ಅದು ಮುಟ್ಟಿದರೆ ಹತ್ತುವಂಥದ್ದಲ್ಲ, ಅದು ಹಾಗಲ್ಲ ಎಂದು ಅವಳನ್ನೇ ಫೋನಿಗೆ ಕರೆಸಿ ಹೇಳಿದೆ. ಆ ಕಡೆಯಿಂದ "ಹೂಂ" ಎಂದಳು, ಅಷ್ಟೇ. ಅವಳಿಗೆ ತಿಳಿಯದೆ ಇರಲಿಲ್ಲ. ತಿಳಿದದ್ದು ಕೈಗೆ ಇಳಿಯುತ್ತಿರಲಿಲ್ಲ.

ಅದೇ ವಾರ ಪ್ರಯೋಗ ಕೆಲಸ ಮಾಡಿತು. ಯಾವಾಗ ಬರಬೇಕೋ ಆಗ ಬರದಿದ್ದದ್ದು ಈಗ ಬಂತು. ಗಂಟು ಒಳಗೆ ತಲುಪಿದರೆ ಕೋಶ ನೀಲಿಯಾಗಬೇಕು, ಅಂಥದೊಂದು ಪರೀಕ್ಷೆಯ ಜೀನ್ ಹೇರಿ ಕಳಿಸುತ್ತಿದ್ದೆವು. ಸೂಕ್ಷ್ಮದರ್ಶಕದ ಕೆಳಗೆ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಸ್ನಾಯುಕೋಶ ನೀಲಿಯಾಗಿತ್ತು. ಗಂಟು ಒಳಗೆ ಹೋಗಿ ಅದನ್ನು ಕೊಂದಿರಲಿಲ್ಲ. ಗೈಡ್ ನೋಡಿದರು, ಮತ್ತೆ ನೋಡಿದರು, ಎಲ್ಲರಿಗೂ ಪೇಢೆ ತರಿಸಿದರು. ನನ್ನ ಕೈಗೂ ಒಂದು ಡಬ್ಬಿ ಬಂತು. ತಟ್ಟೆಯಲ್ಲಿ ನೀಲಿಯಾದದ್ದು ಬೆರಳ ಉಗುರಿನಷ್ಟು ಜಾಗದಲ್ಲಿ ಹರಡಿದ ಕೋಶಗಳು. ಹುಡುಗನ ಮೈಯಲ್ಲಿ ಎರಡು ಕಾಲು, ಬೆನ್ನು, ಎದೆಗೂಡು, ಬಡಿಯುವ ಗುಂಡಿಗೆ. ಅಷ್ಟಕ್ಕೂ ತಲುಪಬೇಕು, ಅದೂ ಪರೀಕ್ಷೆಯ ಜೀನ್ ಅಲ್ಲ, ಆ ಉದ್ದನೆಯದೇ ತಲುಪಬೇಕು. ಇಲಿ, ನಾಯಿ ಎಲ್ಲ ದಾಟಿ ಮನುಷ್ಯರವರೆಗೆ ಬರಲು ಎಷ್ಟು ವರ್ಷ ಬೇಕೆಂದು ನನಗೆ ಗೊತ್ತಿತ್ತು. ಅವನಿಗೆ ಅಷ್ಟು ವರ್ಷ ಇರಲಿಲ್ಲ. ಜೀವಮಾನದಲ್ಲಿ ಯಾವುದನ್ನಾದರೂ ದ್ವೇಷಿಸಿದ್ದರೆ ಆ ನೀಲಿಯನ್ನು. ತಟ್ಟೆಯನ್ನು ನೆಲಕ್ಕೆ ಬಡಿಯಬೇಕೆನಿಸಿತು. ಬಡಿಯಲಿಲ್ಲ, ಮತ್ತೆ ಶೈತ್ಯಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟೆ.

ರವಿವಾರ ಪೇಢೆಯ ಡಬ್ಬಿ ಹಿಡಿದು ಕಮರಿಪೇಟೆಗೆ ಹೋದೆ. ಯಾಕೆ ತಂದೆ ಎಂದರೆ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮಾವ ಹೊರಗೆ ಒಂದು ಚಕ್ರದ ತಂತಿ ಬಿಗಿಯುತ್ತಿದ್ದ. ಅಕ್ಕ ಒಲೆಯ ಹತ್ತಿರ ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಿದ್ದಳು. ಹುಡುಗ ಗೋಡೆ ಬದಿಗೆ ನೆಲದ ಮೇಲೆ ಕೂತಿದ್ದ. ಡಬ್ಬಿ ನೋಡಿ ಅವನ ಮುಖ ಅರಳಿತು. "ಪೇಢೆ!" ಎಂದು ಏಳಲು ಹೊರಟ.

ಕೈ ಊರಿದ. ಅಂಡು ಮೇಲೆತ್ತಿದ. ಒಂದು ಕೈ ಮೊಣಕಾಲಿಗೆ ತಂದ. ಇನ್ನೊಂದನ್ನು ತರುವಾಗ ಕಾಲು ಮಡಚಿಕೊಂಡಿತು, ಮುಖ ಅಡಿಯಾಗಿ ಬಿದ್ದ. ಮತ್ತೆ ಕೈ ಊರಿದ, ಮತ್ತೆ ಬಿದ್ದ. ನಾನು ಡಬ್ಬಿ ಕೆಳಗಿಟ್ಟು ಮುಂದೆ ಹೋದೆ. "ನೀ ಬ್ಯಾಡ" ಎಂದ, ನೆಲಕ್ಕೆ ಗಲ್ಲ ಹಚ್ಚಿಕೊಂಡೇ. ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ತಿರುಗಿ ನಿಂತಿದ್ದಳು, ಹಿಟ್ಟಿನ ಕೈಗಳನ್ನು ಹಿಂದೆ ಕಟ್ಟಿಕೊಂಡು. ಹೆಜ್ಜೆ ಮುಂದೆ ಇಡಲಿಲ್ಲ.

"ಅವ್ವಾ, ಎತ್ತು" ಎಂದ.

ಅವಳು ತಲೆ ಅಲ್ಲಾಡಿಸಿದಳು. ಅವನಿಗೆ ಸಿಟ್ಟು ಬಂತು. ಆ ಹುಡುಗ ಸಿಟ್ಟಾದದ್ದನ್ನು ನಾನು ಮೊದಲ ಸಲ ನೋಡಿದ್ದು.

"ನೀ ಕ್ಯಾರಿಯರ್ ಅಲ್ಲೇನು? ಡಾಕ್ಟರೂ ಹೇಳ್ಯಾರ, ಚಿಗವ್ವನೂ ಹೇಳ್ಯಾಳ. ಹಂಗಾರ ಎತ್ತು!"

ಹೊರಗೆ ಚಕ್ರದ ಸದ್ದು ನಿಂತಿತು. ಅಕ್ಕ ಬಂದಳು. ಕೈಯನ್ನು ಸೀರೆಗೆ ಒರೆಸಿಕೊಳ್ಳಲಿಲ್ಲ, ಹಿಟ್ಟು ಹತ್ತಿದ ಕೈಗಳನ್ನೇ ಅವನ ಕಂಕುಳ ಕೆಳಗೆ ಹಾಕಿ ಎಳೆದು ಎತ್ತಿ, ಎದೆಗೆ ಅವುಚಿಕೊಂಡಳು. ಅವಳ ಬಾಯಿಂದ ಹೊರಟ ಸದ್ದು ಅಳುವೋ ಏದುಸಿರೋ ತಿಳಿಯಲಿಲ್ಲ. ಅವನು ಅವಳ ಹೆಗಲ ಮೇಲೆ ಗದ್ದ ಊರಿ, ಎಂದಿನಂತೆ ಹಿಂದಕ್ಕೆ ಮುಖ ಮಾಡಿ, ನನ್ನ ಕಡೆ ಕೈ ಚಾಚಿದ.

ನಾನು ಡಬ್ಬಿ ಬಿಚ್ಚಿ ಒಂದು ಪೇಢೆ ಅವನ ಕೈಗೆ ಇಟ್ಟೆ.